ಸ್ತನ ಕ್ಯಾನ್ಸರ್ ಆದವರಿಗೆ ಮೂತ್ರದ ತೊಂದರೆ ಬಂದಾಗ



ಹಿಂದೆ ಎಂದಾದರೂ ಎದೆಯ ಗಡ್ಡೆಗೆ, ಅಂದರೆ ಸ್ತನ ಕ್ಯಾನ್ಸರಿಗೆ, ಚಿಕಿತ್ಸೆ ಪಡೆದ ತಾಯಂದಿರಿಗಾಗಿ ಈ ಲೇಖನ. ಆಪರೇಷನ್ ಆಗಿ ಒಂದು ವರ್ಷವಾಗಿರಲಿ, ಹನ್ನೆರಡು ವರ್ಷವಾಗಿರಲಿ, ನೀವು ತಿಳಿದಿರಬೇಕಾದ ಮಾತು ಒಂದೇ. ಮೂತ್ರದಲ್ಲಿ ರಕ್ತ, ಪಕ್ಕೆಯಲ್ಲಿ ನೋವು ಅಥವಾ ಔಷಧಿಗೆ ಜಗ್ಗದ ಉರಿಮೂತ್ರ ಕಾಣಿಸಿಕೊಂಡರೆ, ವೈದ್ಯರ ಮುಂದೆ ಕುಳಿತಾಗ ನಿಮ್ಮ ಹಳೆಯ ಎದೆಯ ರೋಗದ ಸಂಗತಿಯನ್ನು ಮೊದಲು ತಿಳಿಸಿರಿ. ಬಹಳ ಸಲ ಕಾರಣ ಸಣ್ಣದೇ ಇರುತ್ತದೆ. ಆದರೆ ಅಪರೂಪಕ್ಕೆ ಆ ಹಳೆಯ ರೋಗವೇ ಮೂತ್ರದ ದಾರಿಗೆ ಬಂದಿರಬಹುದು. ಅದು ಬೇಗ ತಿಳಿದರೆ ಕಿಡ್ನಿಯನ್ನು ಉಳಿಸಿಕೊಳ್ಳಬಹುದು.

ಎಲ್ಲದಕ್ಕೂ “ಕಾವು” ಕಾರಣವಲ್ಲ

ಚಡಚಣ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಬಿಸಿಲು ಎಲ್ಲರಿಗೂ ಗೊತ್ತು. ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳು ನೀರು ಕುಡಿಯುವುದು ಕಡಿಮೆ. ಮೂತ್ರಕ್ಕೆ ಹೋಗಲು ಮರೆ ಇಲ್ಲದ ಕಡೆ ಬೇಕೆಂದೇ ನೀರು ಬಿಡುವವರೂ ಇದ್ದಾರೆ. ಹೀಗಾಗಿ ಉರಿಮೂತ್ರ, ಮೂತ್ರದ ಸೋಂಕು, ಕಿಡ್ನಿಯ ಹರಳು ನಮಗೆ ಹೊಸವಲ್ಲ. “ಕಾವು ಆಗ್ಯಾದ್ರಿ” ಎಂದು ಸಬ್ಜಾ ಬೀಜ, ಜೀರಿಗೆ ನೀರು, ಲಿಂಬೆ ಶರಬತ್ತು ಕುಡಿದು ನಾಲ್ಕು ದಿನ ನೋಡುವುದು ರೂಢಿ. ಇವುಗಳಿಂದ ಸಾಮಾನ್ಯರಿಗೆ ಹಾನಿಯಿಲ್ಲ. ಲಿಂಬೆ ನೀರು ಕೆಲವು ಬಗೆಯ ಹರಳು ಕಟ್ಟುವುದನ್ನು ಕಡಿಮೆ ಮಾಡುವುದೂ ನಿಜ.

ಆದರೆ ಎದೆಯ ಕ್ಯಾನ್ಸರ್ ಆಗಿದ್ದ ತಾಯಿ ತಿಂಗಳುಗಟ್ಟಲೆ ಹೀಗೆ ಕಾಯಬಾರದು. ಒಂದು ಉದಾಹರಣೆ ನೋಡೋಣ. ಒಬ್ಬ ತಾಯಿಗೆ ಎಂಟು ವರ್ಷಗಳ ಹಿಂದೆ ಸ್ತನದ ಆಪರೇಷನ್ ಆಗಿದೆ ಎಂದುಕೊಳ್ಳಿ. ಐದು ವರ್ಷ ಗುಳಿಗೆ ನುಂಗಿ ಮುಗಿಸಿದ್ದಾರೆ. ಮನೆಯವರು ಅದನ್ನು ಮರೆತೂ ಬಿಟ್ಟಿದ್ದಾರೆ. ಈಗ ಎಡಪಕ್ಕೆಯಲ್ಲಿ ನೋವು. ಊರಿನ ವೈದ್ಯರು “ಮೊದಲು ಏನಾದರೂ ಕಾಯಿಲೆ ಇತ್ತೇ?” ಎಂದು ಕೇಳಿದರೆ “ಏನಿಲ್ರಿ, ಆರಾಮ ಇದ್ದೆ” ಎನ್ನುತ್ತಾರೆ. ಮೂತ್ರದ ನೋವಿಗೂ ಎದೆಯ ಆಪರೇಷನ್ನಿಗೂ ಏನು ಸಂಬಂಧ ಎಂಬುದು ಅವರ ಲೆಕ್ಕ. ಕೆಲವರಿಗೆ ಗಂಡಸು ವೈದ್ಯರ ಮುಂದೆ ಹೇಳಲು ಸಂಕೋಚ. ಆ ಒಂದು ಮಾತು ಬಿಟ್ಟುಹೋದರೆ ಚಿಕಿತ್ಸೆ ಹರಳಿನ ದಾರಿಯಲ್ಲೇ ಸಾಗುತ್ತದೆ, ದಿನಗಳು ಕಳೆಯುತ್ತವೆ.

ಮೂತ್ರದ ದಾರಿ ಎಂದರೇನು?

ನಮ್ಮ ಬೆನ್ನಿನ ಎರಡೂ ಪಕ್ಕಕ್ಕೆ, ಕೆಳಪಕ್ಕೆಲುಬುಗಳ ಹಿಂದೆ, ಎರಡು ಮೂತ್ರಪಿಂಡಗಳಿವೆ. ಇವನ್ನೇ ಕಿಡ್ನಿ ಎನ್ನುತ್ತೇವೆ. ಇವು ರಕ್ತವನ್ನು ಸೋಸಿ ಮೂತ್ರವನ್ನು ಬೇರ್ಪಡಿಸುತ್ತವೆ. ಒಂದೊಂದು ಕಿಡ್ನಿಯಿಂದ ಒಂದೊಂದು ತೆಳು ನಾಳ ಕೆಳಗಿಳಿಯುತ್ತದೆ. ಇದರ ಉದ್ದ ಸುಮಾರು 25 ಸೆಂಟಿಮೀಟರ್, ಒಳಗಿನ ರಂಧ್ರ ಕೆಲವೇ ಮಿಲಿಮೀಟರ್. ಈ ಎರಡು ನಾಳಗಳು ಕೆಳಹೊಟ್ಟೆಯ ಮೂತ್ರಚೀಲವನ್ನು ಸೇರುತ್ತವೆ. ಚೀಲ ತುಂಬಿದಾಗ ಮೂತ್ರ ಹೊರಗೆ ಹೋಗುತ್ತದೆ. ಹೊಲಕ್ಕೆ ನೀರು ಹಾಯಿಸುವ ಪೈಪಿಗೆ ಹೊರಗಿನಿಂದ ಕಲ್ಲು ಬಿದ್ದರೂ ನೀರು ನಿಲ್ಲುತ್ತದೆ, ಒಳಗೆ ಮಣ್ಣು ಕಟ್ಟಿದರೂ ನಿಲ್ಲುತ್ತದೆ. ಮೂತ್ರನಾಳವೂ ಹಾಗೆಯೇ.

ಎದೆಯ ರೋಗ ಇಲ್ಲಿಗೆ ಹೇಗೆ ಬರುತ್ತದೆ?

ಸ್ತನ ಕ್ಯಾನ್ಸರ್ ನಮ್ಮ ದೇಶದ ಹೆಣ್ಣುಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 92 ಸಾವಿರ ಹೊಸ ರೋಗಿಗಳು ಇದ್ದರು. ಗಂಡಸರಿಗೂ ಇದು ಬರಬಹುದು. ಆದರೆ ನೂರು ರೋಗಿಗಳಲ್ಲಿ ಸುಮಾರು ಒಬ್ಬರು ಮಾತ್ರ ಗಂಡಸರು.

ಎದೆಯ ಗಡ್ಡೆಯ ಕೆಲವು ಜೀವಕೋಶಗಳು ರಕ್ತದ ಮೂಲಕ ಅಥವಾ ಹಾಲುರಸದ ನಾಳಗಳ ಮೂಲಕ ಬೇರೆ ಅಂಗಕ್ಕೆ ಹೋಗಿ ಅಲ್ಲಿ ಬೆಳೆಯುವುದನ್ನು ರೋಗ ಹರಡುವುದು ಎನ್ನುತ್ತೇವೆ. ಸಾಮಾನ್ಯವಾಗಿ ಇದು ಹೋಗುವುದು ಎಲುಬು, ಪುಪ್ಪುಸ, ಲಿವರ್ ಮತ್ತು ಮಿದುಳಿಗೆ. ಕಿಡ್ನಿ, ಮೂತ್ರನಾಳ, ಮೂತ್ರಚೀಲಕ್ಕೆ ಹೋಗುವುದು ಅಪರೂಪ. ಬೇರೆ ಅಂಗದಿಂದ ಮೂತ್ರಚೀಲಕ್ಕೆ ಬಂದ 282 ಗಡ್ಡೆಗಳನ್ನು ಬ್ರಿಟನ್ನಿನ ತಜ್ಞರು ಪರಿಶೀಲಿಸಿ 2000ನೇ ಇಸವಿಯಲ್ಲಿ ವರದಿ ಮಾಡಿದರು. ಅವುಗಳಲ್ಲಿ ಸ್ತನದಿಂದ ಬಂದವು ನೂರಕ್ಕೆ ಎರಡೂವರೆಯಷ್ಟು ಮಾತ್ರ. ಆದ್ದರಿಂದ ಮೂತ್ರ ಉರಿದ ಕೂಡಲೇ ರೋಗ ತಿರುಗಿ ಬಂತೆಂದು ಹೆದರಬೇಕಾಗಿಲ್ಲ.

ಸ್ತನ ಕ್ಯಾನ್ಸರಿನಲ್ಲಿ ಬಗೆಗಳಿವೆ. ಹೆಚ್ಚಿನದು ಹಾಲಿನ ನಾಳದ ಬಗೆ. ಜಗತ್ತಿನಲ್ಲಿ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಲೋಬ್ಯುಲರ್ ಎಂಬ ಬಗೆ. ಈ ಎರಡನೆಯದರ ಕೋಶಗಳು ಗಟ್ಟಿ ಉಂಡೆಯಾಗದೆ ಬಿಡಿಬಿಡಿಯಾಗಿ ಸಾಲುಹಿಡಿದು ಹರಡುತ್ತವೆ. ಹೊಟ್ಟೆಯ ಪೊರೆ, ಜಠರ, ಅಂಡಾಶಯ, ಮೂತ್ರನಾಳದ ಸುತ್ತಲಿನ ಭಾಗ ಇಂಥ ಕಡೆ ಹೋಗುವುದು ಈ ಬಗೆಯಲ್ಲಿಯೇ ಹೆಚ್ಚು. ನಿಮ್ಮ ಬಯಾಪ್ಸಿ ವರದಿಯಲ್ಲಿ ಯಾವ ಬಗೆ ಎಂದು ಬರೆದಿರುತ್ತದೆ. ಇನ್ನೊಂದು ಸಂಗತಿ: ಹಾರ್ಮೋನಿಗೆ ಸ್ಪಂದಿಸುವ ಗಡ್ಡೆಗಳು ಐದು, ಹತ್ತು ಅಥವಾ ಇನ್ನೂ ಹೆಚ್ಚು ವರ್ಷಗಳ ನಂತರವೂ ಮರಳಬಹುದು. ಆದ್ದರಿಂದ “ಅದು ಹಳೇ ಮಾತು” ಎಂದು ಬಿಡಬಾರದು.

ಎಲ್ಲಿ ಬಂದರೆ ಏನು ಲಕ್ಷಣ?

ಮೂತ್ರನಾಳದಲ್ಲಿ: ರೋಗ ನಾಳವನ್ನು ಹೊರಗಿನಿಂದ ಒತ್ತಬಹುದು ಅಥವಾ ಅದರ ಗೋಡೆಯನ್ನು ದಪ್ಪ ಮಾಡಬಹುದು. ಮೂತ್ರ ಕೆಳಗಿಳಿಯದೆ ಕಿಡ್ನಿ ಉಬ್ಬುತ್ತದೆ. ಪಕ್ಕೆಯಲ್ಲಿ ಭಾರ ಅಥವಾ ನೋವು ಬರಬಹುದು. ಆದರೆ ನಿಧಾನವಾಗಿ ಕಟ್ಟಿಕೊಂಡರೆ ನೋವೇ ಇರುವುದಿಲ್ಲ. ಒಂದೇ ಕಿಡ್ನಿ ಕಟ್ಟಿಕೊಂಡಾಗ ಇನ್ನೊಂದು ಕೆಲಸ ನಡೆಸುವುದರಿಂದ ಮೂತ್ರವೂ ಸರಿಯಾಗಿ ಹೋಗುತ್ತದೆ, ರಕ್ತದ ಕ್ರಿಯಾಟಿನಿನ್ ಕೂಡ ಸರಿಯಾಗಿ ಬರಬಹುದು. ಎರಡೂ ಕಟ್ಟಿಕೊಂಡಾಗ ಮಾತ್ರ ಮೂತ್ರ ಕಡಿಮೆ, ಕಾಲುಬಾವು, ವಾಂತಿ, ಮಂಪರು ಕಾಣುತ್ತವೆ. ರಕ್ತಪರೀಕ್ಷೆ ಸರಿಯಿದ್ದರೂ ವೈದ್ಯರು ಸ್ಕ್ಯಾನ್ ಬರೆದುಕೊಡುವುದು ಇದೇ ಕಾರಣಕ್ಕೆ.

ಮೂತ್ರಚೀಲದಲ್ಲಿ: ಮೂತ್ರದಲ್ಲಿ ರಕ್ತ, ಪದೇ ಪದೇ ಹೋಗಬೇಕೆನಿಸುವುದು, ತಡೆಯಲಾಗದಿರುವುದು, ಕೆಳಹೊಟ್ಟೆಯ ನೋವು. ರೋಗ ಚೀಲದ ಗೋಡೆಯ ಹೊರಗಿನಿಂದ ಒಳಕ್ಕೆ ಬರುತ್ತಿದ್ದರೆ ಮೊದಲಿಗೆ ರಕ್ತವೇ ಕಾಣುವುದಿಲ್ಲ. ಮೂತ್ರ ಪರೀಕ್ಷೆಯೂ ಸ್ವಚ್ಛ ಬರಬಹುದು. ಸೋಂಕಿನ ಔಷಧಿ ಎರಡು ಸಲ ತೆಗೆದುಕೊಂಡರೂ ಕಡಿಮೆಯಾಗದಿದ್ದರೆ ಮುಂದಿನ ತಪಾಸಣೆ ಬೇಕು.

ಕಿಡ್ನಿಯಲ್ಲಿ: ಹೆಚ್ಚಿನವರಿಗೆ ಲಕ್ಷಣವೇ ಇರುವುದಿಲ್ಲ, ಬೇರೆ ಕಾರಣಕ್ಕೆ ಮಾಡಿದ ಸ್ಕ್ಯಾನಿನಲ್ಲಿ ಕಾಣುತ್ತದೆ. ಕೆಲವರಿಗೆ ಪಕ್ಕೆನೋವು ಅಥವಾ ಮೂತ್ರದಲ್ಲಿ ರಕ್ತ ಇರಬಹುದು.

ಮೂತ್ರ ಕೆಂಪಾಗಲು ಬೇರೆ ಕಾರಣಗಳು

ಹೆದರುವ ಮೊದಲು ಇವನ್ನೂ ತಿಳಿದಿರಿ.

1. ಕೀಮೋದಲ್ಲಿ ಹಾಕುವ ಕೆಂಪು ಬಣ್ಣದ ಔಷಧಿ ಡಾಕ್ಸೊರುಬಿಸಿನ್‌ನಿಂದ ಒಂದೆರಡು ದಿನ ಮೂತ್ರ ಕೆಂಪಾಗುತ್ತದೆ. ಅದು ರಕ್ತವಲ್ಲ. ಟಿ.ಬಿ. ಗುಳಿಗೆ, ಬೀಟ್‌ರೂಟ್ ಕೂಡ ಬಣ್ಣ ಬದಲಿಸುತ್ತವೆ.

2. ಸೈಕ್ಲೊಫಾಸ್ಫಮೈಡ್ ಎಂಬ ಕೀಮೋ ಔಷಧಿ ಮೂತ್ರಚೀಲದ ಒಳಪೊರೆಯನ್ನು ಕೆರಳಿಸಿ ನಿಜವಾಗಿ ರಕ್ತ ಬರಿಸಬಹುದು. ಇದನ್ನು ಪಡೆಯುವ ದಿನಗಳಲ್ಲಿ ವೈದ್ಯರು ಹೇಳಿದಷ್ಟು ನೀರು ಕುಡಿದು, ರಾತ್ರಿಯೂ ಎದ್ದು ಮೂತ್ರ ಮಾಡಿರಿ. ತಡೆದು ಹಿಡಿಯಬೇಡಿರಿ.

3. ಟಮೋಕ್ಸಿಫೆನ್ ಗುಳಿಗೆ ನುಂಗುವವರಿಗೆ ಗರ್ಭಕೋಶದಿಂದ ರಕ್ತ ಹೋಗಬಹುದು. ಅದು ಮೂತ್ರದೊಡನೆ ಬೆರೆತು ಮೂತ್ರದ ರಕ್ತದಂತೆ ಕಾಣುತ್ತದೆ. ಮುಟ್ಟು ನಿಂತವರಿಗೆ ಯಾವ ದಾರಿಯಿಂದ ರಕ್ತ ಬಂದರೂ ತೋರಿಸಲೇಬೇಕು. ತಪಾಸಣೆಗೆ ಮೂತ್ರ ಕೊಡುವಾಗ ಶುಚಿಯಾಗಿ ತೊಳೆದುಕೊಂಡು, ಮೊದಲಿನ ಸ್ವಲ್ಪ ಬಿಟ್ಟು ನಡುವಿನ ಮೂತ್ರವನ್ನು ಹಿಡಿದು ಕೊಡಿರಿ.

4. ಹರಳು ಮತ್ತು ಸೋಂಕು. ಇವು ಕ್ಯಾನ್ಸರ್ ಆದವರಿಗೂ ಎಲ್ಲರಂತೆಯೇ ಬರುತ್ತವೆ.

ಬಣ್ಣದ ಕಾರಣವನ್ನು ಮನೆಯಲ್ಲಿ ತೀರ್ಮಾನಿಸಲು ಬರುವುದಿಲ್ಲ. ಒಂದು ಸಲ ಬಂದು ತಾನೇ ನಿಂತ ರಕ್ತವನ್ನೂ ತೋರಿಸಿರಿ.

ತಡಮಾಡದೆ ಆಸ್ಪತ್ರೆಗೆ ಬರಬೇಕಾದ ಲಕ್ಷಣಗಳು

• ಮೂತ್ರ ಪೂರ್ತಿ ನಿಲ್ಲುವುದು ಅಥವಾ ದಿನಕ್ಕೆ ಒಂದೆರಡು ಲೋಟದಷ್ಟೂ ಆಗದಿರುವುದು.
• ಪಕ್ಕೆನೋವಿನ ಜೊತೆಗೆ ಚಳಿಜ್ವರ. ಕಟ್ಟಿಕೊಂಡ ಕಿಡ್ನಿಯಲ್ಲಿ ಸೋಂಕಾದರೆ ಜೀವಕ್ಕೆ ಅಪಾಯ.
• ಮೂತ್ರದಲ್ಲಿ ರಕ್ತದ ಗಡ್ಡೆಗಳು.
• ಬೆನ್ನುನೋವಿನ ಜೊತೆಗೆ ಕಾಲಿನಲ್ಲಿ ಶಕ್ತಿ ಇಲ್ಲದಿರುವುದು, ಜೋಮು, ಮೂತ್ರ ಕಟ್ಟುವುದು ಅಥವಾ ಅರಿವಿಲ್ಲದೆ ಹೋಗುವುದು. ಇಲ್ಲಿ ತೊಂದರೆ ಮೂತ್ರದ ದಾರಿಯಲ್ಲಿ ಇರುವುದಿಲ್ಲ. ಬೆನ್ನೆಲುಬಿಗೆ ಹರಡಿದ ರೋಗ ನರವನ್ನು ಒತ್ತುತ್ತಿರಬಹುದು. ತಡವಾದರೆ ಕಾಲು ಮರಳಿ ಬರುವುದು ಕಷ್ಟ.
• ವಿಪರೀತ ಬಾಯಾರಿಕೆ, ಮೇಲಿಂದ ಮೇಲೆ ಮೂತ್ರ, ಮಲಬದ್ಧತೆ, ತಬ್ಬಿಬ್ಬು. ಎಲುಬಿಗೆ ರೋಗ ಹರಡಿದವರಲ್ಲಿ ರಕ್ತದ ಕ್ಯಾಲ್ಸಿಯಂ ಏರಿದಾಗ ಹೀಗಾಗುತ್ತದೆ. ಇದಕ್ಕೆ ಚಿಕಿತ್ಸೆ ಇದೆ.

ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿರಿ.

ಯಾವ ಯಾವ ತಪಾಸಣೆ?

ಮೊದಲಿಗೆ ಮೂತ್ರ ಮತ್ತು ರಕ್ತ ಪರೀಕ್ಷೆ, ಹೊಟ್ಟೆಯ ಅಲ್ಟ್ರಾಸೌಂಡ್. ಕಿಡ್ನಿ ಉಬ್ಬಿದ್ದರೆ ಇದರಲ್ಲಿಯೇ ಕಾಣುತ್ತದೆ, ನೋವೂ ಇಲ್ಲ. ನಂತರ ಅಗತ್ಯವಿದ್ದರೆ ಸಿ.ಟಿ. ಸ್ಕ್ಯಾನ್. ಸಿ.ಟಿ.ಗೆ ಹಾಕುವ ಇಂಜೆಕ್ಷನ್ ದುರ್ಬಲ ಕಿಡ್ನಿಗೆ ಭಾರವಾಗಬಹುದು. ಆದ್ದರಿಂದ ಮೊದಲೇ ಕ್ರಿಯಾಟಿನಿನ್ ನೋಡುತ್ತಾರೆ. ಸಕ್ಕರೆ ಕಾಯಿಲೆಯ ಗುಳಿಗೆ ನುಂಗುತ್ತಿದ್ದರೆ ತಿಳಿಸಿರಿ. ಮೂತ್ರಚೀಲದ ಒಳಗೆ ನೋಡಬೇಕಾದರೆ ತೆಳ್ಳಗಿನ ದುರ್ಬೀನನ್ನು ಮೂತ್ರದ್ವಾರದಿಂದ ಬಿಟ್ಟು ಪರೀಕ್ಷಿಸುತ್ತಾರೆ. ಇದನ್ನು ಸಿಸ್ಟೋಸ್ಕೋಪಿ ಎನ್ನುತ್ತಾರೆ. ಸಂಶಯ ಬಂದ ಜಾಗದಿಂದ ಚಿಕ್ಕ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ.

ಎಂ.ಆರ್.ಐ. ಇದ್ದರೆ ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು. ಇಷ್ಟಲಿಂಗದ ಕರಡಿಗೆ, ತಾಳಿ, ಕಾಲುಂಗುರ ಇದ್ದರೆ ಸಂಕೋಚವಿಲ್ಲದೆ ಮೊದಲೇ ಸಿಬ್ಬಂದಿಗೆ ಹೇಳಿರಿ. ಪರೀಕ್ಷೆ ಮುಗಿಯುವವರೆಗೆ ಶುಭ್ರ ವಸ್ತ್ರದಲ್ಲಿ ಕಟ್ಟಿ ನಿಮ್ಮವರ ಕೈಗೆ ಕೊಡಬಹುದು.

ಹಳೆಯ ಕಾಗದ ಏಕೆ ಬೇಕು?

ಮೂತ್ರಚೀಲದಲ್ಲಿ ಕಂಡ ಗಡ್ಡೆ ಅಲ್ಲಿಯೇ ಹುಟ್ಟಿದ್ದೋ, ಎದೆಯಿಂದ ಬಂದದ್ದೋ? ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಅಲ್ಲಿಯೇ ಹುಟ್ಟಿದ್ದಾದರೆ ಕೆಲವೊಮ್ಮೆ ಚೀಲವನ್ನೇ ತೆಗೆಯಬೇಕಾಗುತ್ತದೆ. ಎದೆಯಿಂದ ಬಂದದ್ದಾದರೆ ಮುಖ್ಯ ಚಿಕಿತ್ಸೆ ಎದೆಯ ರೋಗದ ಔಷಧಿಯೇ. ಸೂಕ್ಷ್ಮದರ್ಶಕದಲ್ಲಿ ಎರಡೂ ಕೆಲವೊಮ್ಮೆ ಒಂದೇ ತೆರನಾಗಿ ಕಾಣುತ್ತವೆ. ಆಗ ವಿಶೇಷ ಬಣ್ಣದ ಪರೀಕ್ಷೆ ಮಾಡಿ, ಇ.ಆರ್., ಪಿ.ಆರ್., ಹರ್-2 ಎಂಬ ಗುರುತುಗಳನ್ನು ನೋಡಿ, ಹಳೆಯ ಗಡ್ಡೆಯೊಂದಿಗೆ ಹೋಲಿಸುತ್ತಾರೆ. ಹಳೆಯ ವರದಿ ಇಲ್ಲದಿದ್ದರೆ ಈ ಹೋಲಿಕೆ ಕಷ್ಟ. ನಿಮಗೆ ಹಿಂದೆ ಎದೆಯ ರೋಗವಿತ್ತು ಎಂಬುದೇ ಲ್ಯಾಬಿನವರಿಗೆ ತಿಳಿಯದಿದ್ದರೆ ಅವರು ಆ ಪರೀಕ್ಷೆಯನ್ನು ಮಾಡದೆ ಇರಬಹುದು.

ನಮ್ಮ ಭಾಗದವರ ಚಿಕಿತ್ಸೆ ಒಂದೇ ಊರಿನಲ್ಲಿ ಆಗಿರುವುದಿಲ್ಲ. ಕೆಲವರು ವಿಜಯಪುರಕ್ಕೆ, ಕೆಲವರು ಗಡಿ ದಾಟಿ ಸೊಲ್ಲಾಪುರಕ್ಕೆ, ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಗೆ, ಇನ್ನು ಕೆಲವರು ಹುಬ್ಬಳ್ಳಿಗೆ, ಕಲಬುರಗಿಗೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಿರುತ್ತಾರೆ. ಆಪರೇಷನ್ ಒಂದು ಕಡೆ, ಕರೆಂಟು ಒಂದು ಕಡೆ, ಗುಳಿಗೆ ಮತ್ತೊಂದು ಕಡೆ. ಆದ್ದರಿಂದ ಎಲ್ಲ ಕಾಗದಗಳು ನಿಮ್ಮ ಕೈಯಲ್ಲಿಯೇ ಇರಬೇಕು. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇವನ್ನು ಇಟ್ಟುಕೊಳ್ಳಿರಿ:

1. ಬಯಾಪ್ಸಿ ವರದಿ ಮತ್ತು ಇ.ಆರ್., ಪಿ.ಆರ್., ಹರ್-2 ವರದಿ
2. ಆಪರೇಷನ್ನಿನ ಡಿಸ್ಚಾರ್ಜ್ ಕಾರ್ಡು
3. ಯಾವ ಕೀಮೋ, ಎಷ್ಟು ಸಲ, ಯಾವ ತಿಂಗಳು ಎಂಬ ಪಟ್ಟಿ
4. ರೇಡಿಯೇಷನ್ ಪಡೆದ ಕಾಗದ
5. ಈಗ ನುಂಗುವ ಎಲ್ಲ ಗುಳಿಗೆಗಳ ಚೀಟಿ
6. ಹಳೆಯ ಸ್ಕ್ಯಾನ್ ಫಿಲ್ಮು ಅಥವಾ ಸಿ.ಡಿ.

ಮನೆಯಲ್ಲಿ ಕಾಗದ ಕಳೆದಿದ್ದರೂ ದಾರಿ ಇದೆ. ಬಯಾಪ್ಸಿಯ ಚೂರನ್ನು ಮೇಣದಲ್ಲಿ ಹುದುಗಿಸಿದ ಬ್ಲಾಕ್ ಮತ್ತು ಗಾಜಿನ ಸ್ಲೈಡುಗಳನ್ನು ಲ್ಯಾಬಿನವರು ಹಲವು ವರ್ಷ ಕಾಯ್ದಿಡುತ್ತಾರೆ. ಆಗಿನ ನೋಂದಣಿ ಸಂಖ್ಯೆ ಅಥವಾ ಹೆಸರು, ವರ್ಷ ಹೇಳಿ ಕೇಳಿರಿ. ಎಲ್ಲ ವರದಿಗಳ ಫೋಟೋ ತೆಗೆದು ಮಗ ಅಥವಾ ಮಗಳ ಮೊಬೈಲಿನಲ್ಲಿಯೂ ಇಟ್ಟಿರಲಿ.

ಚಿಕಿತ್ಸೆ ಹೇಗೆ?

ಎರಡು ಕೆಲಸಗಳು ಜೊತೆಜೊತೆಗೆ ನಡೆಯುತ್ತವೆ. ಮೊದಲನೆಯದು ಮೂತ್ರಕ್ಕೆ ದಾರಿ ಮಾಡುವುದು. ನಾಳ ಕಟ್ಟಿದ್ದರೆ ಅದರೊಳಗೆ ಡಿ.ಜೆ. ಸ್ಟೆಂಟ್ ಎಂಬ ಮೆತ್ತನೆಯ ಕೊಳವೆ ಇಡುತ್ತಾರೆ. ಅದು ಆಗದಿದ್ದರೆ ಬೆನ್ನಿನ ಕಡೆಯಿಂದ ಕಿಡ್ನಿಗೆ ನೇರವಾಗಿ ನಳಿಕೆ ಹಾಕಿ ಚೀಲಕ್ಕೆ ಜೋಡಿಸುತ್ತಾರೆ. ರಕ್ತ ಹೋಗುತ್ತಿದ್ದರೆ ಮೂತ್ರಚೀಲವನ್ನು ತೊಳೆಯುವುದು, ದುರ್ಬೀನಿನ ಮೂಲಕ ರಕ್ತ ನಿಲ್ಲಿಸುವುದು ಅಥವಾ ಸ್ವಲ್ಪ ದಿನ ರೇಡಿಯೇಷನ್ ಕೊಡುವುದು ಉಂಟು.

ಎರಡನೆಯದು ಇಡೀ ದೇಹದ ಚಿಕಿತ್ಸೆ. ಗಡ್ಡೆ ಹಾರ್ಮೋನಿಗೆ ಸ್ಪಂದಿಸುವಂಥದ್ದಾದರೆ ಲೆಟ್ರೊಜೋಲ್‌ನಂತಹ ಗುಳಿಗೆ, ಫುಲ್ವೆಸ್ಟ್ರಾಂಟ್ ಇಂಜೆಕ್ಷನ್, ಅವುಗಳ ಜೊತೆಗೆ ಪಾಲ್ಬೊಸೈಕ್ಲಿಬ್ ಅಥವಾ ರೈಬೊಸೈಕ್ಲಿಬ್‌ನಂತಹ ಹೊಸ ಗುಳಿಗೆ. ಹರ್-2 ಇದ್ದರೆ ಟ್ರಾಸ್ಟುಜುಮಾಬ್. ಇಲ್ಲವಾದರೆ ಕೀಮೋ. ಹೀಗೆ ಹರಡಿದ ರೋಗವನ್ನು ಸಾಮಾನ್ಯವಾಗಿ ಪೂರ್ತಿ ಗುಣಪಡಿಸಲು ಆಗುವುದಿಲ್ಲ. ಅದನ್ನು ಮುಚ್ಚಿಟ್ಟು ಹೇಳುವುದು ಸರಿಯಲ್ಲ. ಆದರೆ ಹತೋಟಿಯಲ್ಲಿ ಇಡಬಹುದು. ಹಾರ್ಮೋನ್ ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸಿದವರು ಹಲವು ವರ್ಷ ಮನೆಗೆಲಸ, ಮೊಮ್ಮಕ್ಕಳ ಆಟಪಾಠ ನೋಡಿಕೊಂಡಿರುವುದುಂಟು. ಕಿಡ್ನಿ ಉಳಿದಿದ್ದರೆ ಮಾತ್ರ ಈ ಔಷಧಿಗಳಲ್ಲಿ ಹಲವನ್ನು ಸರಿಯಾದ ಪ್ರಮಾಣದಲ್ಲಿ ಕೊಡಲು ಸಾಧ್ಯ. ಬೇಗ ಬನ್ನಿರಿ ಎಂದು ಒತ್ತಿ ಹೇಳುವುದು ಇದಕ್ಕಾಗಿಯೇ.

ಸ್ಟೆಂಟ್ ಅಥವಾ ನಳಿಕೆ ಇದ್ದವರ ಆರೈಕೆ

• ಸ್ಟೆಂಟನ್ನು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೊಮ್ಮೆ ಬದಲಿಸಬೇಕು. ಒಳಗಿರುವುದರಿಂದ ಮರೆತುಹೋಗುತ್ತದೆ. ಮರೆತ ಸ್ಟೆಂಟಿನ ಮೇಲೆ ಹರಳು ಕಟ್ಟುತ್ತದೆ. ಬದಲಿಸುವ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪಾಗಿ ಬರೆದಿಡಿರಿ.
• ಸ್ಟೆಂಟ್ ಇದ್ದಾಗ ಪದೇ ಪದೇ ಮೂತ್ರ, ದುಡಿದಾಗ ಸ್ವಲ್ಪ ಗುಲಾಬಿ ಬಣ್ಣ ಕಾಣುವುದು ಸಹಜ. ಜ್ವರ ಸಹಜವಲ್ಲ.
• ಬೆನ್ನಿನ ನಳಿಕೆಯ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ. ನಳಿಕೆ ಮಡಚದಂತೆ, ಜಗ್ಗದಂತೆ ನೋಡಿಕೊಳ್ಳಿರಿ. ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ಪಟ್ಟಿ ಒದ್ದೆಯಾಗಬಾರದು.
• ದಿನಕ್ಕೆ ಎಷ್ಟು ಮೂತ್ರ ಬಂತೆಂದು ವಹಿಯಲ್ಲಿ ಬರೆಯಿರಿ. ನಳಿಕೆಯಿಂದ ಬರುವುದು ನಿಂತರೆ, ನಳಿಕೆ ಕಿತ್ತು ಬಂದರೆ, ಅಂದೇ ಬನ್ನಿರಿ.
• ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಬೇಡಿರಿ. ಡೈಕ್ಲೊಫೆನಾಕ್‌ನಂಥವು ಕಿಡ್ನಿಗೆ ಪೆಟ್ಟು ಕೊಡುತ್ತವೆ. ಭಸ್ಮ, ಕಷಾಯ ಸೇವಿಸುತ್ತಿದ್ದರೆ ಅದನ್ನೂ ತಿಳಿಸಿರಿ.
• ಕಿಡ್ನಿ ದುರ್ಬಲವಾಗಿದ್ದರೆ ಎಷ್ಟು ನೀರು, ಎಳನೀರು ಎಂಬುದನ್ನು ವೈದ್ಯರನ್ನು ಕೇಳಿಯೇ ಕುಡಿಯಿರಿ. ಎಳನೀರಿನಲ್ಲಿ ಪೊಟ್ಯಾಶಿಯಂ ಹೆಚ್ಚು. ದುರ್ಬಲ ಕಿಡ್ನಿ ಅದನ್ನು ಹೊರಹಾಕಲಾರದು, ಹೃದಯಕ್ಕೆ ತೊಂದರೆಯಾಗುತ್ತದೆ.

ಬಂಧುಗಳು ಕೇಳುವ ಪ್ರಶ್ನೆಗಳು

“ಚೂರು ತೆಗದ್ರ ರೋಗ ಹರಡ್ತದಂತ, ಖರೇ ಏನ್ರಿ?” ಇಲ್ಲ. ಇಂಥ ತಪಾಸಣೆಗಾಗಿ ಬಯಾಪ್ಸಿ ಮಾಡಿಸಿದ್ದರಿಂದ ರೋಗ ಹರಡುತ್ತದೆ ಎಂದು ಹೆದರಬೇಕಾಗಿಲ್ಲ. ಬಯಾಪ್ಸಿ ಇಲ್ಲದೆ ಸರಿಯಾದ ಔಷಧಿ ಆರಿಸುವುದು ಕಷ್ಟ.

“ಅವರ ಮೂತ್ರ ಮುಟ್ಟಿದ್ರ, ಒಂದೇ ಪಾಯಿಖಾನಿ ಬಳಸಿದ್ರ ನಮಗೂ ಬರ್ತದೇನ್ರಿ?” ಇಲ್ಲ. ಕ್ಯಾನ್ಸರ್ ಅಂಟುರೋಗವಲ್ಲ. ಕೀಮೋ ಪಡೆದ ಮೇಲೆ ಕೆಲವು ದಿನ ಔಷಧಿಯ ಅಂಶ ಮೂತ್ರದಲ್ಲಿ ಇರುತ್ತದೆ. ಆಗ ಕೈಗವಸು ಹಾಕಿಕೊಂಡು, ಹೆಚ್ಚು ನೀರು ಸುರಿದು ಸ್ವಚ್ಛ ಮಾಡಿದರೆ ಸಾಕು. ಅವರನ್ನು ದೂರ ಇಡಬೇಡಿರಿ, ತಾಟು ಬೇರೆ ಮಾಡಬೇಡಿರಿ.

“ಅವ್ವಗ ಹೇಳಬ್ಯಾಡ್ರಿ, ಎದಿ ಒಡಕೊಂತಾಳ.” ನಿಮ್ಮ ಪ್ರೀತಿ ನಮಗೆ ಅರ್ಥವಾಗುತ್ತದೆ. ಆದರೆ ದೇಹ ಅವರದು. ಲಕ್ಷಣ ಕಂಡ ಕೂಡಲೇ ಹೇಳಬೇಕಾದವರೂ ಅವರೇ. ಯಾವ ರೋಗ ಎಂದು ಗೊತ್ತಿಲ್ಲದವರು ಯಾವ ಲಕ್ಷಣ ಹೇಳಬೇಕೆಂದು ಹೇಗೆ ತಿಳಿದಾರು? ಒಮ್ಮೆಲೇ ಎಲ್ಲವನ್ನೂ ಹೇಳಬೇಕಾಗಿಲ್ಲ. ಅವರು ಎಷ್ಟು ಕೇಳುತ್ತಾರೋ ಅಷ್ಟು, ನಿಮ್ಮ ಎದುರಿಗೇ, ಮೆಲ್ಲಗೆ ಹೇಳಲು ವೈದ್ಯರು, ದಾದಿಯರು ಸಹಾಯ ಮಾಡುತ್ತಾರೆ.

“ಖರ್ಚು ಹ್ಯಾಂಗ್ರಿ?” ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಕ್ಯಾನ್ಸರ್ ಚಿಕಿತ್ಸೆಯೂ ಅದರಲ್ಲಿದೆ. ಆಧಾರ್ ಮತ್ತು ರೇಷನ್ ಕಾರ್ಡು ತನ್ನಿರಿ. ದೊಡ್ಡ ಆಸ್ಪತ್ರೆಗೆ ಹೋಗುವ ಮೊದಲು, ವಿಶೇಷವಾಗಿ ಗಡಿಯಾಚೆಗೆ ಹೋಗುವವರು, ಅಲ್ಲಿ ನಮ್ಮ ಕಾರ್ಡು ನಡೆಯುತ್ತದೆಯೇ ಎಂದು ಕೇಳಿಕೊಂಡು ಹೋಗಿರಿ. ರೆಫರಲ್ ಪತ್ರವನ್ನು ಮರೆಯಬೇಡಿರಿ.

ಕೊನೆಯ ಮಾತು

ದೇಹವೇ ದೇವಾಲಯವೆಂದು ನಂಬಿದ ಶರಣರ ನಾಡು ನಮ್ಮದು. ಆ ದೇವಾಲಯದಲ್ಲಿ ಎಲ್ಲಿ ಸೋರಿದರೂ, ಎಲ್ಲಿ ಕಟ್ಟಿಕೊಂಡರೂ ನಾಚಿಕೆಪಡುವಂಥದ್ದೇನಿಲ್ಲ. ಎದೆಯ ಆಪರೇಷನ್ ಆಗಿದೆ ಎಂಬುದನ್ನು ಹೇಳಲು ಸಂಕೋಚವಿದ್ದರೆ ಹಳೆಯ ಕಾಗದದ ಚೀಲವನ್ನು ಸುಮ್ಮನೆ ವೈದ್ಯರ ಮೇಜಿನ ಮೇಲೆ ಇಡಿರಿ. ಬಯಾಪ್ಸಿ ವರದಿ ಮೇಲೆಯೇ ಇರಲಿ.

ಶುಶ್ರೂಷಾ ಬೋಧಕಿ
ರೋಗಿಗಳ ಆರೋಗ್ಯ ಶಿಕ್ಷಣ ವಿಭಾಗ